ಹ್ಯಾಮ್‌ಸ್ಟರ್‌ಗೆ ಯಾವ ಮನೆ: ಪಂಜರವೋ, ಪ್ಲಾಸ್ಟಿಕ್ ಬಾಕ್ಸೋ, ಫಿಶ್ ಟ್ಯಾಂಕೋ, ಮರದ ಪೆಟ್ಟಿಗೆಯೋ?

ರಾತ್ರಿ ಎರಡು ಗಂಟೆ. ಬೆಂಗಳೂರಿನ ಶ್ರೀನಗರದಲ್ಲಿ ಮೊದಲನೇ ಮಹಡಿಯ ನಮ್ಮ ಬಾಡಿಗೆ ಮನೆ. ಕಟ್ ಕಟ್ ಕಟ್ ಅಂತ ಒಂದೇ ಸಮ ಸದ್ದು. ಎದುರು ಮನೆಯ ಗೇಟು ಗಾಳಿಗೆ ಬಡಿಯುತ್ತಿದೆ ಅಂದುಕೊಂಡೆ. ಎದ್ದು ಹಾಲ್‌ನ ಲೈಟ್ ಹಾಕಿದರೆ ನಮ್ಮ ಹ್ಯಾಮ್‌ಸ್ಟರ್ ಬೋಂಡ ಪಂಜರದ ಕಂಬಿಗೆ ಹಲ್ಲು ಹಾಕಿ ಎಳೆಯುತ್ತಿದ್ದಾನೆ. ಒಂದೇ ಕಂಬಿ, ಒಂದೇ ಜಾಗ. ಅಲ್ಲಿನ ಗುಲಾಬಿ ಬಣ್ಣ ಪೂರ್ತಿ ಕಿತ್ತುಹೋಗಿ ಒಳಗಿನ ತಂತಿ ಹೊಳೆಯುತ್ತಿತ್ತು. ಮೂಗಿನ ಮೇಲಿನ ಕೂದಲೂ ಅಲ್ಲಲ್ಲಿ ಉದುರಿತ್ತು.

ಅಮ್ಮನಿಗೂ ಎಚ್ಚರವಾಯಿತು. "ಜನ ಇಲಿ ಹಿಡಿಯೋಕೆ ಬೋನು ಇಡ್ತಾರೆ. ನೀನು ದುಡ್ಡು ಕೊಟ್ಟು ತಂದು ಬೋನಲ್ಲಿ ಕೂರಿಸಿದ್ದೀಯ. ಅದಕ್ಕೂ ನಿದ್ದೆ ಇಲ್ಲ, ನಮಗೂ ಇಲ್ಲ" ಅಂದರು. ಅಮ್ಮ ಬೋನು ಅಂದದ್ದು ತಮಾಷೆಗೆ. ಆದರೆ ಅದು ನಿಜಕ್ಕೂ ಬೋನೇ ಆಗಿತ್ತು ಅಂತ ಗೊತ್ತಾಗಲು ನನಗೆ ಒಂದು ತಿಂಗಳು ಬೇಕಾಯಿತು.

ಅಂಗಡಿಯವರು ಕೊಟ್ಟ ಪಂಜರ ಅದು. ಎರಡು ಅಂತಸ್ತು, ನಡುವೆ ಜಾರುಬಂಡೆ, ಮೂಲೆಯಲ್ಲಿ ಅಂಗೈ ಅಗಲದ ಚಕ್ರ. "ಚಿಕ್ಕ ಪ್ರಾಣಿ ಮೇಡಂ, ಇದೇ ಜಾಸ್ತಿ ಆಯ್ತು" ಅಂದಿದ್ದರು. ಮಗಳಿಗೆ ಬಣ್ಣ ಇಷ್ಟವಾಯಿತು. ನಾನೂ ಟೇಪ್ ಹಿಡಿದು ಅಳೆಯಲಿಲ್ಲ. ಆಮೇಲೆ ಅಳೆದರೆ ತಳ 45 ಸೆಂ.ಮೀ. ಉದ್ದ, 30 ಅಗಲ. ಅದಾಗಿ ಒಂದೂವರೆ ವರ್ಷವಾಯಿತು. ಈ ನಡುವೆ ಬೋಂಡ ಮೂರು ಮನೆ ಬದಲಾಯಿಸಿದ್ದಾನೆ. ನಾಲ್ಕನೆಯ ಬಗೆಯ ಮನೆಯೊಂದನ್ನು ವಿದ್ಯಾರಣ್ಯಪುರದ ಗೆಳತಿಗೆ ಕಟ್ಟಿಸಿಕೊಡಲು ನಾನೂ ಕೈ ಹಾಕಿದ್ದೇನೆ. ಹಾಗಾಗಿ ನಾಲ್ಕನ್ನೂ ಪಕ್ಕದಲ್ಲಿಟ್ಟು ಹೇಳಬಲ್ಲೆ.

ಮೊದಲು ಸೈಟ್ ಅಳತೆ, ಆಮೇಲೆ ಮನೆ

ಬೆಂಗಳೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಮನೆ ಅಂದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ "20-30ನಾ, 30-40ನಾ?" ಎಷ್ಟು ಮಹಡಿ ಅನ್ನುವುದು ಆಮೇಲಿನ ಮಾತು. ಹ್ಯಾಮ್‌ಸ್ಟರ್ ಕೂಡ ಹಾಗೇ. ಅದಕ್ಕೆ ಡೂಪ್ಲೆಕ್ಸ್ ಬೇಡ. ಅಗಲವಾದ ಸೈಟ್ ಬೇಕು, ಅದರ ಕೆಳಗೆ ಆಳವಾದ ಬೇಸ್‌ಮೆಂಟ್ ಬೇಕು. ಅಂಗಡಿಯಲ್ಲಿ ಸಿಗುವ ಮುಕ್ಕಾಲು ಪಾಲು ಪಂಜರಗಳು ಇದಕ್ಕೆ ಸರಿಯಾಗಿ ಉಲ್ಟಾ. ಸೈಟ್ ಚಿಕ್ಕದು, ಮಹಡಿ ಜಾಸ್ತಿ, ಬೇಸ್‌ಮೆಂಟ್ ಇಲ್ಲವೇ ಇಲ್ಲ.

ಯಾಕೆ ಹಾಗೆ ಅಂದರೆ ಹ್ಯಾಮ್‌ಸ್ಟರ್ ಹತ್ತುವ ಪ್ರಾಣಿ ಅಲ್ಲ, ತೋಡುವ ಪ್ರಾಣಿ. ನಮ್ಮಲ್ಲಿ ಹೆಚ್ಚಾಗಿ ಸಾಕುವ ಸಿರಿಯನ್ ಹ್ಯಾಮ್‌ಸ್ಟರ್ ಸಿರಿಯಾದ ಅಲೆಪ್ಪೊ ಸುತ್ತಲಿನ ಹೊಲಗಳದ್ದು. 1930ರಲ್ಲಿ ಅಲ್ಲಿ ಒಂದು ಬಿಲ ಅಗೆದು ತಾಯಿಯನ್ನೂ ಮರಿಗಳನ್ನೂ ಹಿಡಿದರು. ಇವತ್ತು ಸಾಕುವ ಸಿರಿಯನ್‌ಗಳ ಮೂಲ ಹೆಚ್ಚುಕಮ್ಮಿ ಆ ಒಂದು ಸಂಸಾರ. ಆಮೇಲೆ ಅದೇ ಸೀಮೆಯಲ್ಲಿ ಬಿಲಗಳನ್ನು ಅಗೆದು ಅಳೆದವರಿಗೆ ಸಿಕ್ಕ ಸರಾಸರಿ ಆಳ 65 ಸೆಂ.ಮೀ., ಅಂದರೆ ಎರಡಡಿಗಿಂತ ಜಾಸ್ತಿ. ಅತಿ ಆಳದ್ದು ಒಂದು ಮೀಟರ್ ದಾಟಿತ್ತು. ಒಳಗೆ ಮಲಗುವ ಕೋಣೆ ಬೇರೆ, ಉಗ್ರಾಣ ಬೇರೆ. ಆ ಪ್ರಾಣಿಯನ್ನು ತಂದು ಎರಡು ಬೆರಳು ಹೊಟ್ಟು ಹಾಸಿದ ತಟ್ಟೆಯ ಮೇಲೆ ಕೂರಿಸಿದರೆ ಕಂಬಿ ಕಡಿಯದೆ ಇನ್ನೇನು ಮಾಡೀತು?

ಕಂಬಿ ಕಡಿಯುವುದು ಹಲ್ಲು ಸವೆಸೋಕೆ ಅಂತ ಅಂಗಡಿಯವರು ಹೇಳುತ್ತಾರೆ. ಪೂರ್ತಿ ನಂಬಬೇಡಿ. ಸ್ವಿಟ್ಜರ್ಲೆಂಡಿನಲ್ಲಿ ಇದನ್ನೇ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದರು. ಕೆಲವು ಹ್ಯಾಮ್‌ಸ್ಟರ್‌ಗಳಿಗೆ 10 ಸೆಂ.ಮೀ., ಕೆಲವಕ್ಕೆ 40, ಇನ್ನು ಕೆಲವಕ್ಕೆ 80 ಸೆಂ.ಮೀ. ಆಳಕ್ಕೆ ಹಾಸು ಹಾಕಿದರು. 10 ಸೆಂ.ಮೀ.ನವು ತಂತಿ ಕಡಿದದ್ದು ಎಲ್ಲಕ್ಕಿಂತ ಜಾಸ್ತಿ. 80 ಸೆಂ.ಮೀ.ನವು ಒಂದು ಸಲವೂ ಕಡಿಯಲಿಲ್ಲ. ಹಲ್ಲು ಮಾತ್ರ ಎಲ್ಲಕ್ಕೂ ಒಂದೇ ಥರದ್ದು, ಅಲ್ವಾ?

ಜರ್ಮನಿಯಲ್ಲಿ ಪ್ರಾಣಿಗಳ ಹಿತ ನೋಡುವ ಪಶುವೈದ್ಯರ ಸಂಘ ಹೇಳುವ ಕನಿಷ್ಠ ಅಳತೆ 100 ಸೆಂ.ಮೀ. ಉದ್ದ, 50 ಅಗಲ, 50 ಎತ್ತರ. ನಮ್ಮ ಲೆಕ್ಕದಲ್ಲಿ ಮೂರೂಕಾಲು ಅಡಿ, ಒಂದೂಮುಕ್ಕಾಲು, ಒಂದೂಮುಕ್ಕಾಲು. ಒಳಗೆ ಹಾಸು ಕಡಿಮೆ ಅಂದರೂ 20ರಿಂದ 25 ಸೆಂ.ಮೀ., ಸಿರಿಯನ್ ಆದರೆ ಒಂದು ಬದಿಯಲ್ಲಾದರೂ 30. ಚಿಕ್ಕ ಜಾತಿಯ ಡ್ವಾರ್ಫ್‌ಗಳಿಗೆ ಚಿಕ್ಕ ಮನೆ ಸಾಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೆಬ್ಬೆರಳಷ್ಟೇ ಇರುವ ರೊಬೊರೊವ್‌ಸ್ಕಿ ಅನ್ನುವ ಡ್ವಾರ್ಫ್ ಎಲ್ಲಕ್ಕಿಂತ ಜಾಸ್ತಿ ಓಡುತ್ತದೆ.

ಇನ್ನೊಂದು ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಒಂದು ಮನೆಗೆ ಒಂದೇ ಹ್ಯಾಮ್‌ಸ್ಟರ್. "ಜೋಡಿ ತಗೊಳ್ಳಿ, ಒಂಟಿ ಆದ್ರೆ ಬೇಜಾರಾಗುತ್ತೆ" ಅಂತ ಅಂಗಡಿಯಲ್ಲಿ ಕರುಳು ಹಿಂಡುವ ಹಾಗೆ ಹೇಳುತ್ತಾರೆ. ದೊಡ್ಡದಾದ ಸಿರಿಯನ್‌ಗಳು ಒಂದೇ ಗೂಡಿನಲ್ಲಿದ್ದರೆ ರಕ್ತ ಬರುವ ಹಾಗೆ ಕಚ್ಚಾಡುತ್ತವೆ. ಒಂದು ಗಂಡು ಒಂದು ಹೆಣ್ಣಾದರೆ ಇನ್ನೂ ಕಷ್ಟ. ಗರ್ಭ ಬರೀ 16 ದಿನ.

ತಂತಿ ಪಂಜರ

ಇದರ ಪರವಾಗಿ ಹೇಳಬಹುದಾದ್ದು ಎರಡು. ಗಾಳಿ ಚೆನ್ನಾಗಿ ಆಡುತ್ತದೆ, ಎತ್ತಿಕೊಂಡು ಹೋಗಲು ಹಗುರ. ಮಿಕ್ಕಿದ್ದೆಲ್ಲ ತೊಂದರೆಯೇ. ಕೆಳಗಿನ ಪ್ಲಾಸ್ಟಿಕ್ ತಟ್ಟೆ ಮೂರು ನಾಲ್ಕು ಇಂಚು ಆಳ. ಅದಕ್ಕಿಂತ ಜಾಸ್ತಿ ಹಾಸು ಹಾಕಿದರೆ ಕಂಬಿ ಸಂದಿಯಿಂದ ಆಚೆ ಸುರಿಯುತ್ತದೆ. ದಿನಾ ಬೆಳಗ್ಗೆ ಪೊರಕೆ ಹಿಡಿಯಬೇಕು. ಮಹಡಿಗಳು ನೋಡಲು ಚೆಂದ, ಆದರೆ ಹ್ಯಾಮ್‌ಸ್ಟರ್‌ಗೆ ದೃಷ್ಟಿ ಮಂದ, ಎತ್ತರದ ಅಂದಾಜು ಸಿಗುವುದಿಲ್ಲ. ಮೇಲಿನಿಂದ ಬಿದ್ದು ಕಾಲು ಮುರಿದುಕೊಳ್ಳುತ್ತವೆ. ಕಂಬಿಯ ಮೆಟ್ಟಿಲಿನಲ್ಲಿ ಪಾದ ಸಿಕ್ಕಿಕೊಳ್ಳುತ್ತದೆ.

ಕಂಬಿಗಳ ನಡುವಿನ ಸಂದು ನೋಡುವುದನ್ನು ಎಲ್ಲರೂ ಮರೆಯುತ್ತಾರೆ. ಸಿರಿಯನ್‌ಗೆ ಅರ್ಧ ಇಂಚು ಮೀರಬಾರದು, ಡ್ವಾರ್ಫ್‌ಗೆ ಕಾಲು ಇಂಚು. ತಲೆ ತೂರಿದರೆ ಮೈ ತಾನಾಗಿ ತೂರುತ್ತದೆ. ಗಿಳಿ, ಲವ್ ಬರ್ಡ್ಸ್ ಪಂಜರವನ್ನೇ ಹ್ಯಾಮ್‌ಸ್ಟರ್‌ಗೂ ಮಾರುವುದುಂಟು. ಮೊದಲ ರಾತ್ರಿಯೇ ಫ್ರಿಜ್ ಹಿಂದೆ ಹುಡುಕಬೇಕಾಗುತ್ತದೆ.

ಬಣ್ಣದ ಪ್ಲಾಸ್ಟಿಕ್ ಕೊಳವೆಗಳನ್ನು ಒಂದಕ್ಕೊಂದು ಸಿಕ್ಕಿಸಿ ದೊಡ್ಡದು ಮಾಡುವ ಸೆಟ್‌ಗಳೂ ಇವೆ. ಸಿರಿಯನ್ ಕೆನ್ನೆಚೀಲ ತುಂಬಿಕೊಂಡು ಅದರಲ್ಲಿ ತಿರುಗುವಾಗ ಉಸಿರು ಕಟ್ಟಿದ ಹಾಗೆ ಕಾಣುತ್ತದೆ. ತೊಳೆಯುವುದು ಇನ್ನೊಂದು ಶಿಕ್ಷೆ. ಬೇಡ.

ಪ್ಲಾಸ್ಟಿಕ್ ಸ್ಟೋರೇಜ್ ಬಾಕ್ಸ್

ಚಳಿಗಾಲದ ರಗ್ಗು, ಸ್ವೆಟರ್ ತುಂಬಿಡುವ ಮುಚ್ಚಳದ ದೊಡ್ಡ ಬಾಕ್ಸ್ ಇದೆಯಲ್ಲ, ಅದೇ. ಪಂಜರ ಬಿಟ್ಟ ಮೇಲೆ ಬೋಂಡನ ಎರಡನೇ ಮನೆ ಇದು. ಕೊಟ್ಟದ್ದು 1,400 ರೂಪಾಯಿ. ಆ ಗುಲಾಬಿ ಪಂಜರಕ್ಕಿಂತ ಕಮ್ಮಿ.

ಕೊಳ್ಳುವಾಗ ಒಂದು ಮೋಸ ಇದೆ. ಡಬ್ಬದ ಮೇಲೆ ಬರೆದ ಉದ್ದ ಮುಚ್ಚಳದ್ದು. ಬಾಕ್ಸ್ ಕೆಳಗೆ ಹೋಗ್ತಾ ಹೋಗ್ತಾ ಸಣ್ಣದಾಗುತ್ತದೆ. ಟೇಪ್ ಒಳಗೆ ಇಳಿಸಿ ತಳ ಅಳೆಯಿರಿ. ಅಂಗಡಿಯ ಹುಡುಗ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ. ಚಿಕ್ಕಪೇಟೆಯಿಂದ ಹನುಮಂತನಗರದ ತನಕ ನಾನು ಅಳೆದ ದೊಡ್ಡ ದೊಡ್ಡ ಬಾಕ್ಸ್‌ಗಳಲ್ಲಿ ಯಾವುದರ ತಳವೂ 75 ಸೆಂ.ಮೀ. ದಾಟಲಿಲ್ಲ. ಅಂದರೆ ಒಂದು ಬಾಕ್ಸ್‌ನಲ್ಲಿ 100ರ ಅಳತೆ ಸಿಗುವುದಿಲ್ಲ. ಎರಡನ್ನು ಪಕ್ಕಪಕ್ಕ ಇಟ್ಟು ತೂತು ಕೊರೆದು ಅಗಲದ ಕೊಳವೆಯಿಂದ ಸೇರಿಸುವವರಿದ್ದಾರೆ. ಏನೂ ಇಲ್ಲದ್ದಕ್ಕೆ ಪರವಾಗಿಲ್ಲ. ಆದರೆ ಒಂದೇ ಉದ್ದನೆಯ ನೆಲಕ್ಕೆ ಅದು ಸಮ ಅಲ್ಲ.

ಗಾಳಿಗೆ ಮುಚ್ಚಳ ಕತ್ತರಿಸಬೇಕು. ಬರೀ ಸೂಜಿತೂತು ಸಾಲದು, ಮುಚ್ಚಳದ ಮುಕ್ಕಾಲು ಭಾಗ ತೆಗೆದು ಜಾಲರಿ ಹಾಕಬೇಕು. ನಾನು ಗ್ಯಾಸ್ ಮೇಲೆ ಹಳೇ ಚಾಕು ಕಾಯಿಸಿ ಕತ್ತರಿಸಲು ಹೋದೆ. ಪ್ಲಾಸ್ಟಿಕ್ ಸುಟ್ಟ ವಾಸನೆಗೆ ಕೆಳಗಿನ ಮನೆಯ ಆಂಟಿ ಮೇಲೆ ಬಂದುಬಿಟ್ಟರು. ಡ್ರಿಲ್‌ನಲ್ಲಿ ಸುತ್ತ ತೂತು ಕೊರೆದು ಕಟರ್‌ನಲ್ಲಿ ಸೇರಿಸುವುದು ವಾಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲಿಂಚಿನ ಚೌಕದ ವೆಲ್ಡ್ ಮೆಶ್ ಕೇಳಿ. ನಟ್ಟು, ಬೋಲ್ಟು, ಅಗಲದ ವಾಷರ್ ಹಾಕಿ ಬಿಗಿ ಮಾಡಿ. ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಪರದೆ ಬೇಡ, ಒಂದು ರಾತ್ರಿಗೆ ಕಡಿದು ಹಾಕುತ್ತದೆ.

ಬಾಕ್ಸ್‌ನ ಗುಣ ಏನು ಅಂದರೆ ಹಾಸು ಆಳಕ್ಕೆ ಹಾಕಬಹುದು, ಆಚೆ ಬೀಳುವುದಿಲ್ಲ, ಕಡಿಯಲು ಕಂಬಿ ಇಲ್ಲ, ಒಬ್ಬರೇ ಎತ್ತಬಹುದು. ಬೋಂಡನನ್ನು ಬಿಟ್ಟ ರಾತ್ರಿ ನಾನು ಕಾದು ಕುಳಿತೆ. ಮೊದಲು ಗೋಡೆಗುಂಟ ಎರಡು ಸುತ್ತು ಬಂದ. ಆಮೇಲೆ ಒಂದು ಮೂಲೆಯಲ್ಲಿ ನಿಂತು ಮುಂಗಾಲಿನಲ್ಲಿ ಹೊಟ್ಟು ಹಿಂದೆ ತಳ್ಳತೊಡಗಿದ. ಹಿಂಗಾಲಿನಲ್ಲಿ ಅದನ್ನು ಒದ್ದ. ಹತ್ತು ನಿಮಿಷಕ್ಕೆ ತಲೆ ಕಾಣಲಿಲ್ಲ, ಅರ್ಧ ಗಂಟೆಗೆ ಬಾಲವೂ ಕಾಣಲಿಲ್ಲ. ಎರಡು ಗಂಟೆಗೆ ಕಟ್ ಕಟ್ ಕೇಳುತ್ತೇನೋ ಅಂತ ಕಿವಿಗೊಟ್ಟೆ. ಬರೀ ಹೊಟ್ಟು ಸರಿಯುವ ಸರಸರ ಸದ್ದು.

ಸೋರುವ ಫಿಶ್ ಟ್ಯಾಂಕ್

ನನ್ನ ಮಟ್ಟಿಗೆ ಸಿರಿಯನ್‌ಗೆ ಇದೇ ಸರಿ. ಹೊಸದು ತರಬೇಡಿ. ಫಿಶ್ ಟ್ಯಾಂಕ್ ಒಂದು ಸಲ ಸೋರಲು ಶುರುವಾದರೆ ಮೀನು ಸಾಕುವವರಿಗೆ ಅದು ದಂಡ. ಹ್ಯಾಮ್‌ಸ್ಟರ್‌ಗೆ ನೀರು ನಿಲ್ಲಬೇಕಾಗಿಲ್ಲವಲ್ಲ! ಬಿರುಕು ಇಲ್ಲದೆ ಬರೀ ಅಂಚಿನಲ್ಲಿ ಸೋರುವ ಟ್ಯಾಂಕ್ ಸಿಕ್ಕರೆ ಅದೃಷ್ಟ. ನಮಗೆ ಸಿಕ್ಕದ್ದು ಅದೇ ಕೆಳಗಿನ ಮನೆಯ ಆಂಟಿಯಿಂದ. ನಾಲ್ಕಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ. ಎರಡು ವರ್ಷದಿಂದ ಟೆರೇಸ್ ಮೇಲೆ ಬಿದ್ದಿತ್ತು. "ತಗೊಂಡು ಹೋಗಮ್ಮ, ಜಾಗ ಬಿಟ್ರೆ ಸಾಕು" ಅಂದರು. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಲ್ಲಿ, ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಲಿನ ಅಂಗಡಿಗಳಲ್ಲಿ "ಸೋರೋ ಟ್ಯಾಂಕ್ ಇದ್ರೆ ಹೇಳಿ" ಅಂತ ಕೇಳಿ ನೋಡಿ.

ಕೊಳ್ಳುವ ಮುಂಚೆ ಅಳೆಯಿರಿ. ಮನೆಗಳಲ್ಲಿ ಇರುವ ಎಷ್ಟೋ ಟ್ಯಾಂಕ್‌ಗಳು ಎರಡು ಇಲ್ಲವೇ ಮೂರಡಿ ಉದ್ದ, ಒಂದೇ ಅಡಿ ಅಗಲ. ಮೀನಿಗೆ ಅದು ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಅಗಲಕ್ಕಿಂತ ಎತ್ತರ ಜಾಸ್ತಿ ಇರುವುದೂ ಬೇಡ, ತಳದಲ್ಲಿ ಗಾಳಿ ನಿಂತುಬಿಡುತ್ತದೆ. ಮೇಲೆ ಗಾಜಿನ ಮುಚ್ಚಳ ಇದ್ದರೆ ತೆಗೆದಿಡಿ. ರೀಪರ್ ಪಟ್ಟಿಯ ಚೌಕಟ್ಟು ಮಾಡಿಸಿ ಮೆಶ್ ಹೊಡೆಸಿ.

ಗಾಜಿನ ದೊಡ್ಡ ಸುಖ ಏನು ಅಂದರೆ ಒಳಗಿನದು ಕಾಣುತ್ತದೆ. ಬೋಂಡ ಮೊದಲ ವಾರದಲ್ಲೇ ಎಡಬದಿಯ ಗಾಜಿಗೆ ಒತ್ತಿಕೊಂಡು ಸುರಂಗ ತೋಡಿದ. ಅದರ ಕೊನೆಯಲ್ಲಿ ಮಲಗುವ ಗುಂಡಿ. ನಾವು ಕೊಟ್ಟ ಟಿಶ್ಯೂ ಹರಿದು ಅಲ್ಲಿ ಹಾಸಿಕೊಂಡಿದ್ದ. ಪಕ್ಕದಲ್ಲಿ ಇನ್ನೊಂದು ಗುಂಡಿ, ಅದರ ತುಂಬ ಸೂರ್ಯಕಾಂತಿ ಬೀಜ, ನವಣೆ, ಒಂದು ಒಣಗಿದ ಸೌತೆಕಾಯಿ ಚೂರು. ಮಗಳು ಹೋಂವರ್ಕ್ ಬಿಟ್ಟು ಅಲ್ಲೇ ಮಲಗಿ ನೋಡುತ್ತಾಳೆ. ಬೆಳಕಿಗೆ ಹೆದರದಿರಲಿ ಅಂತ ಆ ಬದಿಗೆ ಹಳೇ ಕಪ್ಪು ಚಾರ್ಟ್ ಶೀಟ್ ಅಂಟಿಸಿ ಪರದೆಯ ಹಾಗೆ ಎತ್ತಿ ನೋಡುವ ಏರ್ಪಾಟು ಮಾಡಿದೆವು. ಮಳೆಗಾಲದಲ್ಲಿ ಇದು ಕೆಲಸಕ್ಕೂ ಬಂತು. ಜುಲೈನಲ್ಲಿ ತಳದಲ್ಲಿ ಬೂಸಲು ಬಂದದ್ದು ಆಚೆಯಿಂದಲೇ ಕಂಡಿತು. ಬಾಕ್ಸ್ ಆಗಿದ್ದರೆ ಮೂಗಿಗೆ ಹೊಡೆಯುವ ತನಕ ಗೊತ್ತೇ ಆಗುತ್ತಿರಲಿಲ್ಲ.

ಕಷ್ಟ ಎರಡು. ಒಂದು ತೂಕ. 6 ಎಂ.ಎಂ. ಗಾಜಿನ ಈ ಅಳತೆಯ ಟ್ಯಾಂಕ್ ಖಾಲಿ ಇದ್ದಾಗಲೇ 30 ಕೆ.ಜಿ. ಆಸುಪಾಸು. ಟೆರೇಸ್‌ನಿಂದ ಮೆಟ್ಟಿಲು ಇಳಿಸಲು ಮೂರು ಜನ ಬೇಕಾದರು. ಇನ್ನೊಂದು ಬಿಸಿ. ಗಾಜು ಬಿಸಿಲು ಹಿಡಿದರೆ ಬಿಡುವುದಿಲ್ಲ. ಪಶ್ಚಿಮದ ಕಿಟಕಿ ಹತ್ತಿರ ಇಟ್ಟರೆ ಏಪ್ರಿಲ್ ಮಧ್ಯಾಹ್ನ ಒಳಗೆ ಒಲೆ. ಮೇಲಿನ ಮಹಡಿ, ಶೀಟ್ ಮನೆ ಆದರೆ ಇನ್ನೂ ಯೋಚಿಸಿ.

ಕಾರ್ಪೆಂಟರ್ ಮಾಡಿದ ಪೆಟ್ಟಿಗೆ

ಸ್ವಂತ ಮನೆ ಇದೆ, ನಾಲ್ಕಡಿ ಗೋಡೆ ಬಿಡಬಲ್ಲೆ ಅನ್ನುವವರಿಗೆ ಇದು. ಗೆಳತಿಯ ಪೆಟ್ಟಿಗೆ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. 8-4ರ ಒಂದೇ ಪ್ಲೈವುಡ್ ಶೀಟಿನಲ್ಲಿ ತಳ, ಹಿಂಬದಿ, ಎರಡು ಪಕ್ಕ, ಮುಂದಿನ ಒಂದಡಿ ಪಟ್ಟಿ ಎಲ್ಲ ಮುಗಿಯಿತು. ಉಳಿದ ತುಂಡಿನಲ್ಲಿ ಚಕ್ರ ಇಡುವ ಮಣೆಯೂ ಆಯಿತು. ಮುಂದೆ ಮೇಲರ್ಧಕ್ಕೆ ಅಕ್ರಿಲಿಕ್, ಮೇಲೆ ಮೆಶ್. ಒಂದಡಿ ಪಟ್ಟಿ ಇರುವುದರಿಂದ ಹಾಸು ಒಂದಡಿ ತುಂಬಬಹುದು. ಅಕ್ರಿಲಿಕ್ ಬಾಗಿಲು ತೆಗೆದರೂ ಚೆಲ್ಲುವುದಿಲ್ಲ.

ಮರಕ್ಕೆ ಮೂತ್ರ ಇಳಿದರೆ ವಾಸನೆ ಹೋಗುವುದಿಲ್ಲ. ಅದಕ್ಕೆ ತಳಕ್ಕೂ ಒಳಗೋಡೆಗೂ ಮೈಕಾ ಅಂಟಿಸಿ. ಪ್ಲೈವುಡ್‌ನ ಅಂಚು ಎಲ್ಲಿ ಬರಿದಾಗಿ ಕಂಡರೂ ಅಲ್ಲಿಗೆ ಹಲ್ಲು ಬೀಳುತ್ತದೆ, ಅಲ್ಯೂಮಿನಿಯಂ ಎಲ್ ಆ್ಯಂಗಲ್ ಹೊಡೆಸಿ. ಕಾರ್ಪೆಂಟರ್ ಅಣ್ಣನಿಗೆ ಮೊದಲು ನಗು. "ಮೇಡಂ, ಇಲಿಗೆ ವಾರ್ಡ್‌ರೋಬಾ?" ಕೊನೆಗೆ ಬಾಗಿಲಿಗೆ ಮ್ಯಾಗ್ನೆಟ್ ಕ್ಯಾಚ್ ಅವರೇ ಉಪಾಯ ಮಾಡಿ ಹಾಕಿದರು. ಹೊಸ ಪ್ಲೈವುಡ್, ಅಂಟು ಎರಡೂ ಮೂಗಿಗೆ ಬಡಿಯುತ್ತಿತ್ತು. ಮೂರು ವಾರ ಬಾಲ್ಕನಿಯಲ್ಲಿ ಗಾಳಿಗೆ ಬಿಟ್ಟ ಮೇಲೇ ಒಳಗೆ ತಂದದ್ದು.

ಹಳೇ ಬೀರುವನ್ನು ಅಂಗಾತ ಮಲಗಿಸಿ ಬಾಗಿಲಿನ ಜಾಗಕ್ಕೆ ಮೆಶ್ ಹಾಕುವವರೂ ಇದ್ದಾರೆ. ಒಳ್ಳೆ ಯೋಚನೆ. ಮರದ ಪುಡಿ ಒತ್ತಿ ಮಾಡಿದ ಅಗ್ಗದ ಬೋರ್ಡಿನದಾದರೆ ಮಾತ್ರ ಒಂದು ಮಳೆಗಾಲಕ್ಕೆ ಉಬ್ಬುತ್ತದೆ.

ಹಾಗಾದರೆ ಯಾವುದು?

ಹನ್ನೊಂದು ತಿಂಗಳ ಅಗ್ರಿಮೆಂಟ್, ಓನರ್ ಯಾವಾಗ ಏನಂತಾರೋ ಗೊತ್ತಿಲ್ಲ, ಸಾಕುತ್ತಿರುವುದು ಡ್ವಾರ್ಫ್ ಅಂದರೆ ಸಿಗುವುದರಲ್ಲಿ ಅತಿ ದೊಡ್ಡ ಬಾಕ್ಸ್‌ನಿಂದ ಶುರು ಮಾಡಿ, ಆಮೇಲೆ ದೊಡ್ಡದಕ್ಕೆ ಬದಲಾಯಿಸಿ. ಬಾಡಿಗೆ ಮನೆಯಾದರೂ ಸಿರಿಯನ್ ಇದ್ದರೆ ಟ್ಯಾಂಕ್ ಹುಡುಕಿ. ತೂಕದ ಕಷ್ಟ ವರ್ಷಕ್ಕೊಂದು ದಿನ, ಜಾಗದ ಕಷ್ಟ ದಿನಾ ರಾತ್ರಿ. ಸ್ವಂತ ಮನೆಯಾದರೆ ಪೆಟ್ಟಿಗೆ. ಇಷ್ಟಕ್ಕೂ ಜಾಗ ಇಲ್ಲ, ಎರಡಡಿ ಮೂಲೆ ಮಾತ್ರ ಇದೆ ಅಂದರೆ ಹ್ಯಾಮ್‌ಸ್ಟರ್ ತರಲೇಬೇಡಿ. ಇದನ್ನು ಬೇಸರದಿಂದ ಹೇಳುತ್ತಿಲ್ಲ. ಇದರ ಆಯಸ್ಸೇ ಎರಡು, ಹೆಚ್ಚೆಂದರೆ ಮೂರು ವರ್ಷ.

ಒಳಗೆ ಏನು ತುಂಬುವುದು

ಹಾಸಿನ ಲೆಕ್ಕ ಹಾಕಿದರೆ ಎದೆ ಝಲ್ ಅನ್ನುತ್ತದೆ. ನೂರಕ್ಕೆ ಐವತ್ತರ ಮನೆಗೆ 25 ಸೆಂ.ಮೀ. ಆಳ ಅಂದರೆ 125 ಲೀಟರ್. ಪೇಪರ್ ಬೆಡ್ಡಿಂಗ್ ಒಂದನ್ನೇ ತುಂಬಿದರೆ ಜೇಬು ಖಾಲಿ. ನಾನು ಆಸ್ಪೆನ್ ಮರದ ಶೇವಿಂಗ್ಸ್, ಪೇಪರ್ ಬೆಡ್ಡಿಂಗ್, ನಡುನಡುವೆ ಮೊಲಕ್ಕೆ ಹಾಕುವ ಒಣಹುಲ್ಲು ಪದರ ಪದರವಾಗಿ ಹಾಕುತ್ತೇನೆ. ಹುಲ್ಲಿನ ಎಳೆ ಇದ್ದರೆ ಸುರಂಗ ಕುಸಿಯುವುದಿಲ್ಲ. ಹಾಕಿದ ಮೇಲೆ ಅಂಗೈಯಲ್ಲಿ ಒತ್ತಿ ಗಟ್ಟಿ ಮಾಡಬೇಕು.

ಕಾರ್ಪೆಂಟರ್ ಅಂಗಡಿಯ ಹೊಟ್ಟು ಸುಮ್ನೆ ಸಿಗುತ್ತದೆ ಅಂತ ತರಬೇಡಿ. ಅದರಲ್ಲಿ ಪ್ಲೈವುಡ್ ಅಂಟು, ಪಾಲಿಶ್, ಸಣ್ಣ ಪುಡಿ ಎಲ್ಲ ಇರುತ್ತದೆ. ಘಮ್ ಅನ್ನುವ ದೇವದಾರು, ಪೈನ್ ಸಿಪ್ಪೆಯೂ ಉಸಿರಿಗೆ ಒಳ್ಳೆಯದಲ್ಲ. ಹತ್ತಿ, ಮತ್ತೆ "ಹ್ಯಾಮ್‌ಸ್ಟರ್ ಫ್ಲಫ್" ಅಂತ ಮಾರುವ ಹತ್ತಿಯಂಥದ್ದು ಪೂರ್ತಿ ಬೇಡ. ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ, ನುಂಗಿದರೆ ಹೊಟ್ಟೆಯಲ್ಲಿ ಗಂಟಾಗುತ್ತದೆ. ಗೂಡಿಗೆ ವಾಸನೆ ಇಲ್ಲದ ಬಿಳಿ ಟಾಯ್ಲೆಟ್ ಪೇಪರ್ ನಾಲ್ಕು ಎಳೆ ಹರಿದು ಕೊಟ್ಟರೆ ಸಾಕು.

ಚಕ್ರದ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಸಿರಿಯನ್‌ಗೆ 28ರಿಂದ 30 ಸೆಂ.ಮೀ., ಡ್ವಾರ್ಫ್‌ಗೆ 20. ಓಡುವಾಗ ಬೆನ್ನು ನೆಟ್ಟಗಿರಬೇಕು, ಬಿಲ್ಲಿನ ಹಾಗೆ ಬಾಗಬಾರದು. ಓಡುವ ಜಾಗ ಗಟ್ಟಿ ಪಟ್ಟಿ ಇರಲಿ, ಕಂಬಿ ಕಂಬಿ ಬೇಡ. ಇಲ್ಲಿ ಎತ್ತರದ ಲೆಕ್ಕ ಬರುತ್ತದೆ. 25 ಸೆಂ.ಮೀ. ಹಾಸಿನ ಮೇಲೆ 30 ಸೆಂ.ಮೀ. ಚಕ್ರ ಇಟ್ಟರೆ ಒಂದೂವರೆ ಅಡಿ ಟ್ಯಾಂಕ್‌ನ ಮುಚ್ಚಳ ಹಾಕಲು ಆಗುವುದಿಲ್ಲ. ನಾವು ಹಾಸನ್ನು ಇಳಿಜಾರು ಮಾಡಿದೆವು. ಎಡಕ್ಕೆ 30, ಬಲಕ್ಕೆ ಬರೀ 8. ಬಲಬದಿಯಲ್ಲಿ ಚಕ್ರ. ಅದರ ಕೆಳಗೆ ಕಾಲಿರುವ ಗಿಡ್ಡ ಮಣೆ, ಆ ಮಣೆಯ ಕಾಲು ತಳಕ್ಕೆ ಊರಿರಬೇಕು. ಭಾರದ ವಸ್ತುವನ್ನು ಹಾಸಿನ ಮೇಲೇ ಇಟ್ಟರೆ ಹ್ಯಾಮ್‌ಸ್ಟರ್ ಅದರ ಕೆಳಗೆ ತೋಡುತ್ತದೆ, ಚಕ್ರ ಅದರ ಮೇಲೆ ಕುಸಿಯುತ್ತದೆ.

ಮರಳು ಸ್ನಾನಕ್ಕೆ, ಅಂದರೆ ಮರಳಿನಲ್ಲಿ ಹೊರಳಿ ಮೈ ಶುಚಿ ಮಾಡಿಕೊಳ್ಳಲು, ಒಂದು ಅಗಲದ ಬೇಸಿನ್ ಬೇಕು. ಇಲ್ಲಿ ಬೆಂಗಳೂರಿನದೇ ಒಂದು ತೊಡಕು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರೆ ಒಂದು ಬೊಗಸೆ ತರೋಣ ಅನ್ನಿಸುತ್ತದೆ. ಈಗ ಅಲ್ಲಿ ಬೀಳುವುದು ಹೆಚ್ಚಾಗಿ ಎಂ-ಸ್ಯಾಂಡ್, ಕಲ್ಲು ಪುಡಿ ಮಾಡಿದ್ದು. ಬೆರಳಲ್ಲಿ ಉಜ್ಜಿದರೆ ಚುಚ್ಚುತ್ತದೆ, ಧೂಳೂ ಜಾಸ್ತಿ. ಅದು ಬೇಡ. ಅಕ್ವೇರಿಯಂ ಅಂಗಡಿಯ ನುಣುಪು ಮರಳು ತಂದು ತೊಳೆದು, ಬಾಣಲೆಯಲ್ಲಿ ಹುರಿದು, ಆರಿಸಿ ಹಾಕಿ. ಚಿಂಚಿಲಾ ಅನ್ನುವ ಇನ್ನೊಂದು ಸಾಕುಪ್ರಾಣಿಗೆ ಅಂತ ಮಾರುವ ಹಿಟ್ಟಿನಂಥ ಪುಡಿ ಶ್ವಾಸಕ್ಕೆ ಕೆಟ್ಟದ್ದು.

ಅಡಗಲು ಮನೆ ಕೊಳ್ಳಲೇಬೇಕಾಗಿಲ್ಲ. ಡ್ವಾರ್ಫ್‌ಗೆ ಒಡೆದ ತೆಂಗಿನ ಚಿಪ್ಪಿನ ಅಂಚನ್ನು ಉಜ್ಜಿ ಬೋರಲು ಹಾಕಿ. ಸಿರಿಯನ್‌ಗೆ ಮಣ್ಣಿನ ಕುಂಡವನ್ನು ಅಡ್ಡ ಮಲಗಿಸಿ ಅರ್ಧ ಹೂತರೆ ಬೇಸಿಗೆಯಲ್ಲಿ ಅದೇ ತಂಪು ಕೋಣೆ. ಪಾಟರಿ ಟೌನ್ ಕಡೆ ಹೋದರೆ ಬಾಯಿ ಮುಕ್ಕಾದ ಕುಂಡಗಳನ್ನು ಕೇಳಿ, ಕಡಿಮೆಗೆ ಕೊಡುತ್ತಾರೆ. ಬಣ್ಣ ಹಚ್ಚಿದ್ದು ಬೇಡ.

ಎಲ್ಲಿ ಇಡುವುದು, ಇರುವೆಗೆ ಏನು ಮಾಡುವುದು

ನಮ್ಮ ಊರಿನ ಹವೆ ಹ್ಯಾಮ್‌ಸ್ಟರ್‌ಗೆ ಹೆಚ್ಚುಕಮ್ಮಿ ಒಗ್ಗುತ್ತದೆ. 920 ಮೀಟರ್ ಎತ್ತರದಲ್ಲಿರುವ ಪುಣ್ಯ. 20ರಿಂದ 24 ಡಿಗ್ರಿ ಇದ್ದರೆ ಅದು ಹಾಯಾಗಿರುತ್ತದೆ. ಡಿಸೆಂಬರ್ ರಾತ್ರಿಗೆ ಹೀಟರ್ ಬೇಡ, ಆಳದ ಹಾಸೇ ಕಂಬಳಿ. ಹೆದರಬೇಕಾದದ್ದು ಏಪ್ರಿಲ್-ಮೇಗೆ. 2016ರ ಏಪ್ರಿಲ್‌ನಲ್ಲಿ ಇಲ್ಲೂ 39.2 ಡಿಗ್ರಿ ಮುಟ್ಟಿತ್ತು. ಅಂಥ ದಿನ ಮನೆಯ ಒಳಗಿನ, ಕೆಳಗಿನ, ಬಿಸಿಲು ಬೀಳದ ಗೋಡೆಗೆ ಸರಿಸಿ. ಒಂದು ಟೈಲ್ಸ್ ತುಂಡನ್ನು ಫ್ರಿಜ್‌ನಲ್ಲಿಟ್ಟು ಒಳಗೆ ಹಾಕಿದರೆ ಅದರ ಮೇಲೆ ಹೊಟ್ಟೆ ಚಾಚಿ ಮಲಗುತ್ತದೆ. ಫ್ಯಾನ್ ಗಾಳಿ ನೇರವಾಗಿ ಬೀಳದಿರಲಿ.

ಟಿವಿ ಪಕ್ಕ, ಯುಪಿಎಸ್ ಪಕ್ಕ ಇಡಬೇಡಿ. ನಮಗೆ ಕೇಳದ ಕೀಚು ಸದ್ದೂ ಅದಕ್ಕೆ ಕೇಳುತ್ತದೆ. ದೇವರ ಮನೆ ಹತ್ತಿರವೂ ಬೇಡ, ಶುಕ್ರವಾರದ ಸಾಂಬ್ರಾಣಿ ಹೊಗೆ ಆ ಪುಟ್ಟ ಶ್ವಾಸಕೋಶಕ್ಕೆ ತಡೆಯುವುದಿಲ್ಲ. ಸೊಳ್ಳೆ ಕಾಯಿಲ್, ಆಲ್ಔಟ್ ಥರದ್ದೂ ಅದೇ ಕೋಣೆಯಲ್ಲಿ ಬೇಡ.

ಮತ್ತೆ ಇರುವೆ. ಇದನ್ನು ಯಾರೂ ಮುಂಚೆ ಹೇಳಲಿಲ್ಲ. ಹ್ಯಾಮ್‌ಸ್ಟರ್ ಕಾಳು ಬಚ್ಚಿಡುತ್ತದೆ, ಇರುವೆ ಅದನ್ನು ಪತ್ತೆ ಹಚ್ಚುತ್ತದೆ. ಒಂದು ಬೆಳಗ್ಗೆ ಎದ್ದರೆ ಬಾಗಿಲಿನಿಂದ ಟೇಬಲ್ ಕಾಲಿನ ತನಕ ಸಾಲು. ಅಮ್ಮ ಕೈಯಲ್ಲಿ ಲಕ್ಷ್ಮಣ ರೇಖೆ ಹಿಡಿದು ಬಂದರು. ಕೂಗಿ ತಡೆದೆ. ಅದು ಕೀಟನಾಶಕ, ಹ್ಯಾಮ್‌ಸ್ಟರ್ ಇರುವ ಕಡೆ ಗೀಚುವ ಹಾಗಿಲ್ಲ. ಅಮ್ಮ ಒಂದು ಕ್ಷಣ ಯೋಚಿಸಿ ಅಡುಗೆಮನೆಯಿಂದ ನಾಲ್ಕು ಸ್ಟೀಲ್ ಬಟ್ಟಲು ತಂದರು. ಟೇಬಲ್‌ನ ಒಂದೊಂದು ಕಾಲನ್ನೂ ಎತ್ತಿ ಬಟ್ಟಲಲ್ಲಿ ಇರಿಸಿ ನೀರು ಹೊಯ್ದರು. ಅಜ್ಜಿ ತುಪ್ಪದ ಡಬ್ಬಿಗೆ ಮಾಡುತ್ತಿದ್ದದ್ದೇ ಉಪಾಯ. ಟೇಬಲ್ ಗೋಡೆಗೆ ತಾಗದ ಹಾಗೆ ನಾಲ್ಕು ಬೆರಳು ಜಾಗ ಬಿಟ್ಟೆವು. ಅಲ್ಲಿಗೆ ಮುಗಿಯಿತು. ನೀರು ವಾರಕ್ಕೆ ಎರಡು ಸಲ ಬದಲಾಯಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ.

ಕ್ಲೀನ್ ಮಾಡುವುದರಲ್ಲಿ ಅತಿ ಉತ್ಸಾಹ ಬೇಡ. ಮೂತ್ರ ಮಾಡುವ ಮೂಲೆ ಸಾಮಾನ್ಯವಾಗಿ ಒಂದೇ. ಎರಡು ಮೂರು ದಿನಕ್ಕೊಮ್ಮೆ ಅಷ್ಟನ್ನು ತೆಗೆದರೆ ಸಾಕು. ಪೂರ್ತಿ ಕಿತ್ತು ಫಿನಾಯಿಲ್ ಹಾಕಿ ತೊಳೆದರೆ ತನ್ನ ವಾಸನೆ ಸಿಗದೆ ಗಾಬರಿಯಾಗುತ್ತದೆ. ಮೇಲಾಗಿ ಉಗ್ರಾಣ ಲೂಟಿಯಾಗಿರುತ್ತದೆ. ನಾವು ಒಂದೂವರೆ ತಿಂಗಳಿಗೊಮ್ಮೆ ಮೂರನೇ ಒಂದು ಭಾಗ ಮಾತ್ರ ಹೊಸದು ಹಾಕುತ್ತೇವೆ.

ಕಳೆದ ತಿಂಗಳು ಅಗ್ರಿಮೆಂಟ್ ಮುಗಿಯಿತು, ಓನರ್ ಬಾಡಿಗೆ ಏರಿಸಿದರು, ನಾವು ಕತ್ರಿಗುಪ್ಪೆಗೆ ಬಂದೆವು. ಹಾಸಿನಲ್ಲಿ ಒಣಗಿದ್ದನ್ನು ಎರಡು ಗೋಣಿಚೀಲಕ್ಕೆ ತುಂಬಿದೆವು, ಹೊಸ ಮನೆಯಲ್ಲಿ ಅದೇ ವಾಸನೆ ಸಿಗಲಿ ಅಂತ. ಬೋಂಡನ ಕಾಳಿನ ದಾಸ್ತಾನು ಒಂದು ಸ್ಟೀಲ್ ಡಬ್ಬಿಗೆ. ಗಾಜಿನ ಟ್ಯಾಂಕ್ ಎರಡು ಹಾಸಿಗೆಗಳ ನಡುವೆ ಟೆಂಪೋ ಏರಿತು. ಬೋಂಡನನ್ನು ಎಲ್ಲಿ ಕೂರಿಸುವುದು ಅಂತ ನೋಡುತ್ತಿದ್ದಾಗ ಮಗಳು ಅಟ್ಟದಿಂದ ಗುಲಾಬಿ ಪಂಜರ ಇಳಿಸಿದಳು. ಮೇಲಿನ ಅಂತಸ್ತು, ಜಾರುಬಂಡೆ, ಚಕ್ರ ಎಲ್ಲ ಕಿತ್ತು, ತಳಕ್ಕೆ ಎರಡು ಹಿಡಿ ಹಳೇ ಹಾಸು ಹಾಕಿ, ಮೇಲೆ ಟವೆಲ್ ಹೊದಿಸಿದೆವು. ಅರ್ಧ ಗಂಟೆಯ ದಾರಿ. ಮಗಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅಷ್ಟಕ್ಕೆ ಆ ಪಂಜರ ಸರಿಯಾದ ಅಳತೆ.